ಮೂರು ನಿಮಿಷ

ಮೊಟ್ಟೆ ಬೇಯಿಸುವ ಗಡಿಯಾರವನ್ನು
ಮೇಜಿನ ಮೇಲೆ ತಿರುಗಿಸಿಟ್ಟು ಅಧ್ಯಕ್ಷೆ ಹೇಳಿದಳು:
ಒಬ್ಬೊಬ್ಬರಿಗೆ ಮೂರು ನಿಮಿಷ.

ಕ್ವೀನ್ಸ್‌ಲ್ಯಾಂಡಿನ ಒಳನಾಡು, ವಾಲ್ಗೂರಾ ಎಂಬ ಊರು.
ಗೋಧಿಯ ಸೈಲೋ, ಎರಡು ಪಬ್ಬು,
ನೀರಿಗೆ ಫ್ಲೋರೈಡು ಬೇಕೋ ಬೇಡವೋ ಎಂದು
ಹನ್ನೆರಡು ವರ್ಷದಿಂದ ಮಾತುಬಿಟ್ಟ ಅಕ್ಕತಂಗಿಯರು.
ನಾನು ಶಾಲೆಗಳಿಗೆ ಹೋಗುವ ಹಲ್ಲಿನ ವ್ಯಾನಿನವಳು.
ದಿನವಿಡೀ ಮಾಸ್ಕು. ಅದು ನನಗೆ ಅನುಕೂಲ.

ಆ ಬೆಳಿಗ್ಗೆ ಟಾಲಿ ಬಂದಿದ್ದಳು, ನಾಲ್ಕು ವರ್ಷ,
ಕಾರ್ಡಿಯಲ್ ಬಾಟಲಿ ಕಚ್ಚಿಕೊಂಡೇ ಮಲಗುವ ಹುಡುಗಿ.
ಮುಂದಿನ ಹಲ್ಲು ಮಳೆಗೆ ಸಿಕ್ಕ ಬೆಲ್ಲ.
ಟೂವೂಂಬಾಗೆ ಕಳಿಸಿ, ಮತ್ತು ಕೊಟ್ಟು, ಎಂಟು ಕೀಳಬೇಕು.
ಸರದಿ ಹನ್ನೊಂದು ತಿಂಗಳು.
ಅಲ್ಲೀತನಕ? ಅಂದಳು ತಾಯಿ.
ಬರೆದುಕೊಟ್ಟೆ: ಮೆತ್ತಗಿನದು ತಿನ್ನಿಸಿ.

ಮೊದಲು ಎದ್ದವಳು ಬೆವ್ ಹ್ಯಾಲೋರನ್, ಎಂಬತ್ತನಾಲ್ಕು.
ನನ್ನನ್ನು ಕೇಳದೆ ನನ್ನ ಲೋಟಕ್ಕೆ ಕೈ ಹಾಕಬೇಡಿ, ಎಂದಳು.
ಚಾವಣಿಯ ಮಳೆನೀರೇ ಸಾಕು.
(ಅವಳ ತೊಟ್ಟಿಯಲ್ಲಿ ಹೋದ ವರ್ಷ ಪಾಸಮ್ಮೊಂದು ಸತ್ತು ತೇಲಿತ್ತು.
ಆದರೂ ಲೋಟದ ಮಾತು
ತಪ್ಪೆಂದು ನನಗೆ ಅನ್ನಿಸಲಿಲ್ಲ.)

ನನ್ನ ಸರದಿ. ಮಾಸ್ಕಿಲ್ಲ.
ಅಂಕಿಗಳ ಹಾಳೆ ಮಡಿಸಿಟ್ಟು ಶುರುಮಾಡಿದೆ:
ನಾನು ಪಾವಗಡದವಳು.

ಅಷ್ಟು ಬಾಯಿ ತೆರೆದದ್ದೇ ಸಾಕಾಯಿತು.
ಎಲ್ಲರಿಗೂ ಕಂಡಿತು ಕಂದು ಪಟ್ಟೆ,
ಸುಣ್ಣದ ಗೋಡೆಯ ಮೇಲೆ ತುಕ್ಕುನೀರು ಇಳಿದ ಹಾಗೆ.

ನಮ್ಮಲ್ಲಿ ಯಾರೂ ಬೆರೆಸಲಿಲ್ಲ, ಕಲ್ಲೇ ಬೆರೆಸಿತು.
ಎಂಟುನೂರು ಅಡಿಗೆ ನೀರು ಚಿಮ್ಮಿದ ದಿನ
ಬೋರು ಕೊರೆದವನಿಗೆ ಪಂಚೆ ಉಡಿಸಿ ಕಳಿಸಿದೆವು.
ಏಳನೇ ವರ್ಷಕ್ಕೆ ನನಗೆ ಹೊಸ ಹಲ್ಲು ಬಂದವು,
ಬರುವಾಗಲೇ ಹಳೆಯವಾಗಿ.
ಹೆಣ್ಣು ನೋಡಲು ಬಂದವರು ಮೆಲ್ಲಗೆ ಕೇಳಿದರು:
ಹುಡುಗಿ ಹೊಗೆಸೊಪ್ಪು ಹಾಕ್ತಾಳಾ?
ಚಿಕ್ಕಪ್ಪ ಓಬಳೇಶಪ್ಪನನ್ನು ಹಿಂದಿನಿಂದ ಕರೆದರೆ
ಕತ್ತು ಹೊರಳದೆ
ಇಡೀ ಮೈ ತಿರುಗುತ್ತಿತ್ತು, ಇಕ್ಕಟ್ಟಿನ ಓಣಿಯಲ್ಲಿ ಗಾಡಿ ತಿರುಗಿಸಿದಂತೆ.

ಕೇಳಿದಿರಾ! ಎಂದು ಬೆವ್ ಚಪ್ಪಾಳೆ ತಟ್ಟಿದಳು.
ಅರ್ಧ ಹಾಲು ತಟ್ಟಿತು.
ಉಳಿದ ಅರ್ಧ, ನನ್ನನ್ನು ಕರೆಸಿದ ಅರ್ಧ,
ತಲೆ ತಗ್ಗಿಸಿತು.

ನನಗಿನ್ನೂ ಒಂದೂವರೆ ನಿಮಿಷವಿತ್ತು.

ಅದು ಲೀಟರಿಗೆ ನಾಲ್ಕೂವರೆ ಮಿಲಿಗ್ರಾಂ,
ಇಲ್ಲಿ ಕೇಳುತ್ತಿರುವುದು ಒಂದಕ್ಕೂ ಕಡಿಮೆ, ಎಂದೆ.
ಆಮೇಲೆ ಒಂದು ಪದಕ್ಕೆ ತಡಕಾಡಿದೆ.
ಹದ.
ಬೆಲ್ಲದ ಪಾಕಕ್ಕೆ ಇರುವುದು, ಬಿತ್ತುವ ಮಣ್ಣಿಗೆ ಇರುವುದು,
ಸಾರಿಗೆ ಉಪ್ಪು ಹಾಕುವಾಗ ಅವ್ವನ ಮೂರು ಬೆರಳಿಗೆ ಗೊತ್ತಿರುವುದು.
ಅವರ ಭಾಷೆಯಲ್ಲಿ ಅದು ಸಿಗಲಿಲ್ಲ.
ಡೋಸ್, ಎಂದೆ.
ಆಸ್ಪತ್ರೆಯ ವಾಸನೆ ಹಾಲಿಗೆ ಬಂತು.

ಹಿಂದಿನ ಸಾಲಿನ ತರುಣನೊಬ್ಬ, ತೊಡೆಯ ಮೇಲೆ ಕೂಸು:
ಮಕ್ಕಳ ಬುದ್ಧಿಗೆ ಏನಾದರೂ?
ಹೆಚ್ಚಿದ್ದಲ್ಲಿ ಅನುಮಾನ ಇದೆ, ಇಷ್ಟಕ್ಕೆ ಕಂಡಿಲ್ಲ.
ಕಂಡಿಲ್ಲ ಅಂದರೆ ಇಲ್ಲ ಅಂತಲೇ?
ಒಳ್ಳೆಯ ಪ್ರಶ್ನೆ, ಎನ್ನುವಷ್ಟರಲ್ಲಿ
ಮೊಟ್ಟೆ ಬೆಂದ ಗಂಟೆ ಬಾರಿಸಿತು.

ನಾಲ್ಕಕ್ಕೆ ಐದು ಮತ. ಬೇಡ.

ಹೊರಗೆ ಕಾರುಗಳ ನಡುವೆ ಬೆವ್ ಕಾಯುತ್ತಿದ್ದಳು.
ನೋಯುತ್ತದೆಯೇ ಅದು? ಇಲ್ಲ, ಎಂದೆ, ನಗುವಾಗ ಮಾತ್ರ.
ಅವಳು ಬೆರಳು ಹಾಕಿ ಮೇಲಿನ ಸೆಟ್ಟನ್ನು ಕಳಚಿ
ಅಂಗೈಯಲ್ಲಿ ಹಿಡಿದಳು. ಬೀದಿದೀಪಕ್ಕೆ ಮಿನುಗಿತು.
ಮದುವೆಗೆ ಅಪ್ಪನ ಉಡುಗೊರೆ, ತೊದಲಿದಳು.
ಗಂಡನಿಗೆ ಖರ್ಚು ಬೀಳದಿರಲೆಂದು
ಇದ್ದವನ್ನೆಲ್ಲ ಒಂದೇ ದಿನ ಕೀಳಿಸಿದ. ಹತ್ತೊಂಬತ್ತು ನನಗೆ.

ಏನು ಹೇಳಬೇಕೋ ತಿಳಿಯದೆ
ಇಬ್ಬರು ಮದುವಣಗಿತ್ತಿಯರೂ ಅಲ್ಲೇ ನಿಂತೆವು.
ನೀನು ಹೇಳಿದ ಆ ಇನ್ನೊಂದು ಪದ, ಎಂದಳು,
ಮೊದಲು ಬಾಯಿಗೆ ಬಂದದ್ದು. ಇನ್ನೊಮ್ಮೆ ಹೇಳು.

ಹೇಳಿದೆ. ಹಲ್ಲಿಲ್ಲದ ಬಾಯಲ್ಲಿ
ಅವಳೂ ಹೇಳಿ ನೋಡಿದಳು. ದ-ಕಾರ ಜಾರಿತು.

ಬೆಳಿಗ್ಗೆ ಎಂಟಕ್ಕೆ ವ್ಯಾನಿನ ತೊಟ್ಟಿಗೆ
ಊರ ಕೊಳಾಯಿಯಿಂದ ನೀರು ಹಿಡಿದೆ.
ಟಾಲಿಯ ಹೆಸರಿನ ಮುಂದೆ ಬರೆದೆ: ಹನ್ನೊಂದು ತಿಂಗಳು,
ಒಂದು ದಿನ ಕಮ್ಮಿ.