ಗಂಟು

ದನದಾಸ್ಪತ್ರೆಯ ಡಾಕ್ಟರು ನಾಯಿಯ ಬಾಯಿ ಬಿಡಿಸಿ ನೋಡಿದರು,
ಕಿವಿ ಮಡಿಚಿ ನೋಡಿದರು,
ನೆಕ್ಕಿ ನೆಕ್ಕಿ ಕೆಂಪಾದ ಮುಂಗಾಲಿಗೆ ಮುಲಾಮು ಸವರಿದರು.
"ಕಾಯಿಲೆ ಏನಿಲ್ಲ ಇದಕ್ಕೆ," ಅಂದರು,
"ಕೆಲಸ ಇಲ್ಲ."

ಆಟೋದಲ್ಲಿ ಮೈಸೂರು ಬ್ಯಾಂಕ್ ಸರ್ಕಲ್ ದಾಟಿ
ಕಬ್ಬನ್‌ಪೇಟೆ ಬರುವತನಕ
ಇವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಮೂರು ಕಾಲಿನ ನಾಯಿ, ಹೆಸರು ಬಿಲ್ಲೆ.
ಕಲಾಸಿಪಾಳ್ಯದ ಬಸ್ಸಿನಡಿ ಒಂದು ಕಾಲು ಬಿಟ್ಟು ಬಂದದ್ದು.
ನಮ್ಮದು ಎರಡನೇ ಮಹಡಿ, ಕಡಿದಾದ ಮೆಟ್ಟಿಲು,
ಇಳಿದರೆ ಹತ್ತಲಾಗದು.
ಹಾಗಾಗಿ ಬಾಗಿಲಿಂದ ಹೊಲಿಗೆ ಮೆಷಿನ್ನಿಗೆ,
ಮೆಷಿನ್ನಿಂದ ಬಾಗಿಲಿಗೆ,
ಉಗುರಿನ ಟಕ್ ಟಕ್, ದಿನವಿಡೀ.

ನನಗೋ ಬಲಗೈ ಬಿದ್ದು ಏಳು ತಿಂಗಳು.
ನಲವತ್ತೊಂದು ವರ್ಷ ಕತ್ತರಿ ಹಿಡಿದ ಕೈ
ಕರೆಯದೆ ಬಂದ ನೆಂಟನ ಹಾಗೆ ಮಡಿಲಲ್ಲಿ ಕೂತಿದೆ,
ಏಳುವುದಿಲ್ಲ, ಹೋಗುವುದಿಲ್ಲ.
ಕಸರತ್ತು ಹೇಳಿಕೊಡುವ ಹುಡುಗಿ ನುಸ್ರತ್
ರಬ್ಬರ್ ಚೆಂಡು ಕೊಟ್ಟಳು: "ಹಿಚುಕಿ ತಾತಾ, ದಿನಕ್ಕೆ ಐವತ್ತು."
ನಾನೇನು ಮಗುವೇ? ಎಡಗೈಯಲ್ಲಿ ಬಿಸಾಕಿದೆ.
ಬಿಲ್ಲೆ ಕಚ್ಚಿ ತಂದು ಕಾಲ ಬಳಿ ಇಟ್ಟಿತು.
ಮತ್ತೆ ಬಿಸಾಕಿದೆ. ಮತ್ತೆ ತಂದಿತು.
ಅಷ್ಟರಲ್ಲೇ ಇಬ್ಬರಿಗೂ ಬೇಜಾರಾಯಿತು.

ಚಾಪೆಯ ಉಪಾಯವೂ ನುಸ್ರತ್‌ದೇ.
ತೂತು ತೂತಿನ ರಬ್ಬರ್ ಕಾಲೊರಸು,
ತೂತಿಗೊಂದು ಬಟ್ಟೆಪಟ್ಟಿ, ಪಟ್ಟಿಗೊಂದು ಗಂಟು.
ಹುಲ್ಲಿನಂತೆ ಎದ್ದ ಬಟ್ಟೆಯೊಳಗೆ
ಹುರಿಗಡಲೆ ಬಚ್ಚಿಟ್ಟರೆ
ನಾಯಿ ಮೂಗಿನಲ್ಲೇ ಹುಡುಕಿಕೊಳ್ಳಬೇಕು.
"ಬಟ್ಟಲಲ್ಲಿ ಹಾಕಿದರೆ ತಿನ್ನುವುದಿಲ್ಲವೇ?" ಅಂದೆ.
"ತಿನ್ನುತ್ತೆ ತಾತಾ. ತಿಂದಾದ ಮೇಲೆ?"

ಅಟ್ಟದಿಂದ ಚೂರುಬಟ್ಟೆಯ ಮೂಟೆ ಇಳಿಯಿತು.
ಇದು ಕಾಟನ್‌ಪೇಟೆ ಟೀಚರಮ್ಮನ ರವಿಕೆ,
ಎಷ್ಟು ಬಿಟ್ಟರೂ ತೋಳು ಬಿಗಿ ಎನ್ನುತ್ತಿದ್ದವರು.
ಇದು ಬ್ಯಾಂಡ್‌ಸೆಟ್ಟಿನವರ ಕೆಂಪು ಕೋಟು, ದುಡ್ಡು ಇನ್ನೂ ಬಾಕಿ.
ಇದು ಯಾರದೋ, ನೆನಪಿಲ್ಲ, ಬಣ್ಣ ಮಾತ್ರ ಚೆನ್ನಾಗಿದೆ.
ಎಡಗೈ ಸೊಟ್ಟಸೊಟ್ಟ ಕತ್ತರಿಸಿತು.
ಗಂಟಿಗೆ ಮಾತ್ರ ಎರಡು ಕೈ ಬೇಕು.
ಮೊದಲ ದಿನ ಮೂರು ಗಂಟು.
"ಮದುವೆಗಾದರೆ ಸಾಕಿತ್ತು," ಎಂದಳು ಇವಳು.
ಚಾಪೆಗೆ ನೂರ ನಲವತ್ತು ಬೇಕಿತ್ತು.

ಹಲ್ಲಲ್ಲಿ ಕಚ್ಚಿ, ಮಂಡಿಯಲ್ಲಿ ಒತ್ತಿ,
ಮಾತು ಕೇಳದ ಹೆಬ್ಬೆರಳನ್ನು ಗೂಟದ ಹಾಗೆ ನಿಲ್ಲಿಸಿ
ಪಟ್ಟಿ ಸುತ್ತಿ, ಎಳೆದು, ಬೈದು, ಬಿಚ್ಚಿ, ಮತ್ತೆ ಸುತ್ತಿ...
ಒಂದು ಗುರುವಾರ ಆ ಗೂಟ
ತಾನಾಗಿಯೇ ಒಂದು ನೂಲಿನಷ್ಟು ಬಾಗಿತು.
ಯಾರಿಗೂ ಹೇಳಲಿಲ್ಲ.
ಬಿಲ್ಲೆ ನೋಡಿತು.

ಚಾಪೆ ಹಾಸಿದ ದಿನ ನಾಯಿ ಅದನ್ನು ಮೂಸಲೂ ಇಲ್ಲ,
ಬಟ್ಟಲು ಎಲ್ಲಿ ಎಂದು ಇವಳ ಕೈ ನೋಡಿತು.
ಆಮೇಲೆ ಮೂಗಿಗೆ ಏನೋ ನೆನಪಾಯಿತು,
ಮಾರ್ಕೆಟ್ಟಿನ ರಾತ್ರಿಯೋ, ಕಸದ ರಾಶಿಯೋ,
ನಾಲ್ಕು ಕಾಲಿದ್ದ ಕಾಲವೋ.
ಇದ್ದಿಲ ಇಸ್ತ್ರಿಪೆಟ್ಟಿಗೆ ಊದಿದ ಹಾಗೆ ಫುಸ್ ಫುಸ್ ಎನ್ನುತ್ತ
ಟೀಚರಮ್ಮನ ತೋಳಲ್ಲಿ ಒಂದು ಕಡಲೆ,
ಬ್ಯಾಂಡಿನವನ ಕಾಲರಿನಲ್ಲಿ ಒಂದು.
ಕೊನೆಗೆ ಚಾಪೆಯ ಮೇಲೇ ಅಡ್ಡಬಿತ್ತು,
ಕಾಲು ನೆಕ್ಕುವುದನ್ನು ಮರೆತು.

ಈಗ ಇವಳು ರಾಗಿಯಲ್ಲಿ ರವಿಕೆಯ ಹುಕ್ಕು ಬೆರೆಸಿ
"ಚೆಲ್ಲಿಹೋಯಿತು, ಆರಿಸಿಕೊಡಿ" ಎಂದು ಮುಂದಿಡುತ್ತಾಳೆ.
ಬೇಕೆಂದೇ ಬೆರೆಸಿದ್ದೆಂದು ನನಗೆ ಗೊತ್ತು.
ಗೊತ್ತೆಂದು ಅವಳಿಗೂ ಗೊತ್ತು.
ಮುಖ ಗಂಟು ಹಾಕಿಕೊಂಡೇ ಆರಿಸುತ್ತೇನೆ.
ಆ ಗಂಟೊಂದನ್ನು ಬಿಚ್ಚುವ ಕಸರತ್ತು
ನುಸ್ರತ್ ಹತ್ತಿರವೂ ಇಲ್ಲವಂತೆ.

ರಾತ್ರಿ ನಿದ್ದೆಯಲ್ಲಿ ಬಿಲ್ಲೆಯ ಮೂಗು ಆಡುತ್ತದೆ.
"ನಿಮ್ಮ ಬೆರಳೂ," ಎನ್ನುತ್ತಾಳೆ.
ನಾನು ನೋಡಿಲ್ಲ.