ತಂದೆನುಡಿ

ತಾರ್ತು ಊರು, ಮೂರನೆಯ ಮಹಡಿ. ಹೊರಗೆ ಮೈನಸ್ ಹದಿನೆಂಟು.
ಬಚ್ಚಲಲ್ಲಿ ನನ್ನ ಗಂಡ ಉರ್ಮಾಸ್
ಮಗನ ತಲೆಗೆ ನೀರು ಹೊಯ್ಯುತ್ತ
ಯುದ್ಧ ಸಾರುತ್ತಿದ್ದಾನೆ.

ಹೆದರಬೇಡಿ. ‘ಕಣ್ಣು ಮುಚ್ಚಿಕೋ, ಸೋಪು’ ಎನ್ನಲು
ತ್ಸೊರಾಕ್ ಭಾಷೆಯಲ್ಲಿ ಇರುವುದು ಅದೊಂದೇ ದಾರಿ:
‘ಶತ್ರುವಿನ ಹೊಗೆ ಬಂತು, ಶಿರಸ್ತ್ರಾಣ ಇಳಿಸು.’

ಯಾವುದೋ ಟಿವಿ ಧಾರಾವಾಹಿಗೆಂದು
ಯಾರೋ ಸಂಬಳಕ್ಕೆ ಕೂತು ಹೆಣೆದ ಭಾಷೆ.
ಧಾರಾವಾಹಿ ಎರಡನೇ ವರ್ಷಕ್ಕೇ ನಿಂತಿತು.
ಭಾಷೆ ಉಳಿಯಿತು, ಎರಡು ಸಾವಿರದ ನೂರಾ ಆರು ಪದ,
ಗಾಯಕ್ಕೇ ಹನ್ನೊಂದು,
ಚಮಚಕ್ಕೆ ಒಂದೂ ಇಲ್ಲ.
ಹಾಲಿಗೆ ‘ಬಿಳಿ ನೆತ್ತರು’ ಅಂತ ಇವನೇ ಜೋಡಿಸಿಕೊಂಡ.
ಲಿಫ್ಟ್ ರಿಪೇರಿಯವನು; ಸಿಗದ ಬಿಡಿಭಾಗಕ್ಕೆ
ತಂತಿ ಸುತ್ತಿ ಕೆಲಸ ಸಾಗಿಸುವುದು ಗೊತ್ತು.

ನಾನೆಂದೆ: ನಮ್ಮ ಭಾಷೆಯೇ ಬೊಗಸೆಯಷ್ಟು,
ಹತ್ತು ಲಕ್ಷ ಬಾಯಿ,
ಅದರಲ್ಲೂ ಚಳಿಗಾಲಕ್ಕೆ ಅರ್ಧ ಮುಚ್ಚಿರುತ್ತವೆ.
ಲೋಕವೆಲ್ಲ ತಾಯ್ನುಡಿ ತಾಯ್ನುಡಿ ಅನ್ನುತ್ತದೆ—
ಅದೇ ಮತ್ತೆ, ಎಂದ ಅವನು,
ಅಪ್ಪಂದಿರಿಗೆ ಅಂತ ಯಾರೂ ಏನೂ ಇಟ್ಟಿಲ್ಲ.
ಅವನಪ್ಪ ಮೂವತ್ತು ವರ್ಷ ಸರೋವರದಲ್ಲಿ ಮೀನು ಹಿಡಿದವನು,
ಮೀನಿನಷ್ಟೇ ಮಾತಾಡಿದವನು. ನಾನು ಸುಮ್ಮನಾದೆ.

ಉಕುವಿನ ಮೊದಲ ಪದ ‘ಗ್ರಾಖ್’.
ಕೋಟೆಬಾಗಿಲು ಒಡೆಯಿರಿ ಎಂದರ್ಥ.
ಎರಡೂ ಕೈ ಚಾಚಿ, ಜೊಲ್ಲು ಸುರಿಸುತ್ತ ಹೇಳಿದ.
ಎತ್ತಿಕೊಂಡೆ.

ನಾಲ್ಕು ತುಂಬಿದ ವಾರ ಶಿಶುವಿಹಾರದಿಂದ ಬಂದವನೇ
ಬೂಟು ಬಿಚ್ಚದೆ, ನಮ್ಮ ಭಾಷೆಯಲ್ಲಿ:
‘ಅಪ್ಪ, ಸರಿಯಾಗಿ ಮಾತಾಡು.’
ಅಷ್ಟೆ. ಅಂದಿನಿಂದ ತ್ಸೊರಾಕ್‌ಗೆ ಉತ್ತರವಿಲ್ಲ.
ಉರ್ಮಾಸ್ ಗದರಿಸಲಿಲ್ಲ, ಬಿಡಲೂ ಇಲ್ಲ,
ನಿಂತುಹೋದ ಲಿಫ್ಟಿನೊಳಗೆ
ಗುಂಡಿ ಒತ್ತುತ್ತಲೇ ಇರುವವನ ಹಾಗೆ.

ಆ ಜನವರಿ, ಸೊಂಟ ಮುರಿದುಕೊಂಡ ನನ್ನಮ್ಮ
ದಕ್ಷಿಣದ ಗುಡ್ಡಗಳಿಂದ ನಮ್ಮಲ್ಲಿಗೆ ಬಂದಳು.
ಒಂದು ಮಧ್ಯಾಹ್ನ ಸೂಪಿನ ಮುಂದೆ
‘ಲುಯಿತ್ಸ್ ಕೊಡು’ ಅಂದಳು, ಅಂದು ನಾಲಿಗೆ ಕಚ್ಚಿಕೊಂಡಳು.
ವೊರು ಸೀಮೆಯ ಮಾತು. ನನಗೆ ಕಲಿಸಿರಲಿಲ್ಲ.
ಅದನ್ನಾಡಿ ಶಾಲೆಯ ಮೂಲೆಯಲ್ಲಿ ನಿಂತವಳು,
ಮಗಳು ನಿಲ್ಲದಿರಲಿ ಅಂತ.

‘ಅದು ಯಾರ ಭಾಷೆ?’
‘ನಮ್ಮಮ್ಮಂದು.’
‘ಅವಳೆಲ್ಲಿ?’
‘ಮಣ್ಣಲ್ಲಿ.’
‘ಹಾಗಾದ್ರೆ ಈ ಮನೇಲಿ ನೀನೊಬ್ಬಳೇನಾ?’
‘ಒಬ್ಬಳೇ.’
ಉಕು ಸೂಪು ಕಲಕುತ್ತ ಲೆಕ್ಕ ಹಾಕಿದ.
‘ಅಪ್ಪನೂ ಒಬ್ಬನೇ.’

ಸಂಜೆ, ಬೂಟಿನ ಗೂಡಿನ ಬಳಿ
ಲೇಸು ಬಿಚ್ಚುತ್ತ ಕೂತಿದ್ದ ಉರ್ಮಾಸನ ಎದುರು
ದಂಡನಾಯಕನಂತೆ ನಿಂತು ಕೂಗಿತು ಮಗು:
‘ಲುಯಿತ್ಸ್-ಖೊರ್!’
ಪದ ಅಜ್ಜಿಯದು. ಬಾಲಕ್ಕೆ ಅಂಟಿದ್ದು ತ್ಸೊರಾಕ್‌ನ ಆಜ್ಞೆ,
ವ್ಯಾಕರಣ ಒಂದಿಷ್ಟೂ ತಪ್ಪಿರಲಿಲ್ಲ.
ಉರ್ಮಾಸ್ ಒಂದೇ ಬೂಟಿನಲ್ಲಿ ಓಡಿದ,
ಡ್ರಾಯರು ಸಮೇತ ಕಿತ್ತು ತಂದ.
ಆಮೇಲೆ ನಿಘಂಟಿನ ಅಂಚಿನಲ್ಲಿ, ಪೆನ್ಸಿಲಿನಲ್ಲಿ,
ಎರಡು ಸಾವಿರದ ನೂರಾ ಏಳು.

ನನಗೇನಾಯಿತೋ ಹೇಳಲಾರೆ. ಪಾತ್ರೆ ತೊಳೆದೆ.
ಒಂದು ಲುಯಿತ್ಸನ್ನು ಎರಡು ಸಲ ತೊಳೆದೆ.

ತ್ಸೊರಾಕ್‌ನಲ್ಲಿ ಶುಭರಾತ್ರಿ ಎಂಬುದಿಲ್ಲ.
ಇರುವುದು ಇಷ್ಟು: ‘ಇಂದು ಈ ಪಾಳೆಯದಲ್ಲಿ
ಯಾರೂ ಸಾಯದಿರಲಿ.’
ದೀಪ ಆರಿಸಿದ ಮೇಲೆ ಉಕು ಅದನ್ನು
ಅಜ್ಜಿಯ ಗೋಡೆಯತ್ತ ಕೂಗಿದ.
ಏನಂತೆ, ಎಂದಳು. ಅರ್ಥ ಹೇಳಿದೆ.
ಮಂಚ ಕಿರುಗುಟ್ಟಿತು.
‘ಆಗಲಿ’ ಅಂದಳು ಅಮ್ಮ ತನ್ನ ನುಡಿಯಲ್ಲಿ,
ಕಲಿಯದ ನನಗೂ ತಿಳಿಯುವಷ್ಟು ನಿಧಾನವಾಗಿ,
‘ನೋಡ್ತೀನಿ.’