ನೊಗಲಿಯ ದರ

ತೊಂಬತ್ತೆಂಟು ಸಾವಿರ.
ಅಂಗೈಯಗಲದ್ದು. ಲೆನ್ಸ್ ಬದಲಿಸುವಂತಿಲ್ಲ, ಜೂಮೂ ಇಲ್ಲ.
ಹತ್ತಿರ ಬೇಕಾದರೆ ಹತ್ತಿರ ಹೋಗಬೇಕು,
ನನ್ನದೇ ಕಾಲಲ್ಲಿ.

ಬಂದರು ಕಚೇರಿಯ ಲೆಕ್ಕಪತ್ರದಲ್ಲಿ ಕೂತು
ಹತ್ತೊಂಬತ್ತು ವರ್ಷ ಕಂಡವರ ಖರ್ಚಿಗೆ ಆಕ್ಷೇಪಣೆ ಬರೆದವಳು
ಅರಿಯರ್ಸ್ ಬಂದ ವಾರವೇ ಕೊಂಡೆ.
ಮನೆಯಲ್ಲಿ ನಲವತ್ತು ಎಂದಿದ್ದೇನೆ.
ನಲವತ್ತಕ್ಕೇ ಉಲ್ಲಾಸ, "ಫೋನಿತ್ತಲ್ಲ" ಎಂದ.

ಇತ್ತು. ಅದರಲ್ಲಿ ಬೈತಖೋಲದ ನಸುಕು ನಸುಕಾಗಿ ಉಳಿಯುತ್ತಿರಲಿಲ್ಲ;
ಕತ್ತಲನ್ನೆಲ್ಲ ತಾನೇ ತೊಳೆದು
ಮದುವೆ ಹಾಲ್ ಮಾಡಿಡುತ್ತಿತ್ತು.
ಇದು ಕತ್ತಲನ್ನು ಅದರ ಪಾಡಿಗೆ ಬಿಡುತ್ತದೆ.
ಬಿಡುವುದಕ್ಕೆ ಇಷ್ಟು ದುಡ್ಡೇ?

ನೌಕಾನೆಲೆಯ ಬೇಲಿಯತ್ತ ತಿರುಗಿಸುವಂತಿಲ್ಲ.
ಉಪ್ಪುಗಾಳಿಗೆ ಗುಂಡಿಗಳು ಆಗಲೇ ಬಿಗಿ.
ನಾಲ್ಕು ಸಾವಿರದ ಒಂಬೈನೂರು ಚಿತ್ರ, ತಲಾ ಇಪ್ಪತ್ತು ರೂಪಾಯಿ,
ಅರ್ಧಕ್ಕರ್ಧ ಅದೇ ಕ್ರೇನು, ಅದೇ ಕಾಳಿ ಸೇತುವೆ,
ಮರಳಿನ ಮೇಲೆ ನನ್ನದೇ ನೆರಳು.

"ಇಷ್ಟಕ್ಕೆ ಎಷ್ಟು ಬಾಯೀ?"
ಬುಟ್ಟಿ ಇಳಿಸುತ್ತ ಕೇಳಿದಳು ಶೇವಂತಿ ಹರಿಕಂತ್ರ.
ಯಾಕೋ ಅವಳಿಗೆ ನಿಜ ಹೇಳಿಬಿಟ್ಟೆ.
ನಗಲಿಲ್ಲ. ಗೇಣುದ್ದದ ನೊಗಲಿಯೊಂದನ್ನು ಎತ್ತಿ ಹಿಡಿದು
"ಇದರ ದರ ಕೇಳಿಯೂ ಎದ್ದು ಹೋಗ್ತಾರೆ.
ಕೆಲವರು ತಿರುಗಿ ಬರ್ತಾರೆ."

ಆಗ ಒತ್ತಿದ್ದು.
ಮೀನು ಮಸುಕಾಗಿ ಬಂದಿದೆ.
ಅವಳ ಹೆಬ್ಬೆರಳಿಗೆ ಅಂಟಿದ ಒಂದು ಹುರುಪೆ ಮಾತ್ರ
ಇಡೀ ಬೆಳಗನ್ನು ಹಿಡಿದು ಕೂತಿದೆ.

ಇದಕ್ಕೂ ಇಪ್ಪತ್ತೇ ಹಾಕಲೇ?
ಉಳಿದವುಗಳ ಹೊರೆಯನ್ನೆಲ್ಲ ಇದರ ಮೇಲೆ ಹೇರಲೇ?
ಷರಾ ಕಾಲಮ್ಮು ಖಾಲಿ ಬಿಟ್ಟಿದ್ದೇನೆ.

ಆರು ನೊಗಲಿ ಕೊಂಡೆ.
ಅದರ ದರವನ್ನೂ ಮನೆಯಲ್ಲಿ
ಅರ್ಧವೇ ಹೇಳಿದೆ.